ಹನ್ನೆರಡನೇ ಕಾಲಂ

ಎ.ಎನ್. ಮೂರ್ತಿರಾವ್ ಅವರ 'ವ್ಯಾಘ್ರಗೀತೆ' ಹತ್ತನೇ ತರಗತಿಗೆ ಪಾಠವಾಗಿದ್ದ ವರ್ಷಗಳಲ್ಲಿ, ನಾನು ಅದನ್ನು ಶುರುಮಾಡಿದ ಕೂಡಲೇ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ತಪ್ಪದೆ ಬರುತ್ತಿತ್ತು: "ಮಿಸ್, ಖಿರ್ದಿ ಪುಸ್ತಕ ಅಂದ್ರೆ ಏನು?" ಹುಲಿಯ ವಿಷಯದಲ್ಲಿ ಮಕ್ಕಳಿಗೆ ಅನುಮಾನವಿಲ್ಲ, ಬನ್ನೇರುಘಟ್ಟಕ್ಕೆ ಹೋಗಿ ನೋಡಿ ಬಂದಿರುತ್ತಾರೆ. ಶಾನುಭೋಗರನ್ನು ಕಂಡವರು ಮಾತ್ರ ಆ ಕ್ಲಾಸಿನಲ್ಲಿ ಒಬ್ಬರೂ ಇಲ್ಲ. ದಿನದಿನದ ಕಂದಾಯ ವಸೂಲಿ ಬರೆದಿಡುವ ಪುಸ್ತಕ ಕಣ್ರೋ ಎಂದರೆ, ಅಂಥ ಒಂದು ಲೆಕ್ಕದ ಪುಸ್ತಕವನ್ನು ಆ ಮನುಷ್ಯ ಕಾಡಿನಲ್ಲೂ ಯಾಕೆ ಹೊತ್ತುಕೊಂಡು ಹೋಗಬೇಕಿತ್ತು ಎಂದು ಮರುಪ್ರಶ್ನೆ. ನಗುತ್ತಲೇ ಉತ್ತರ ಹೇಳುತ್ತಿದ್ದೆ. ನಮ್ಮ ತಾತ ಆ ಕ್ಲಾಸಿನಲ್ಲಿ ಕೂತಿದ್ದರೆ ನಗುತ್ತಿರಲಿಲ್ಲ. ಶಾನುಭೋಗರ ಕೈಯ ಪುಸ್ತಕ ಹುಲಿಯನ್ನೂ ಹೆದರಿಸಬಲ್ಲದು ಎಂಬುದರಲ್ಲಿ ಅವರಿಗೆ ಹಾಸ್ಯವೇನೂ ಕಾಣುತ್ತಿರಲಿಲ್ಲ.

ನಮ್ಮದು ಯಲಹಂಕದಿಂದ ಆಚೆಗೆ, ಬಳ್ಳಾಪುರದ ಕಡೆ ಹೋಗುವ ದಿಕ್ಕಿನ ಒಂದು ಹಳ್ಳಿ. ಊರಿನ ಹೆಸರು ಬೇಡ. ಈಗ ಅದು ಊರಾಗಿಯೂ ಉಳಿದಿಲ್ಲ. ರಾಗಿ, ಅವರೆ, ಕೆಲವರಿಗೆ ದ್ರಾಕ್ಷಿ ತೋಟ, ನೀರಿಲ್ಲದ ಎತ್ತರದ ನೆಲದಲ್ಲಿ ನೀಲಗಿರಿ. ತಾತ ಉಳುತ್ತಿದ್ದ 2 ಎಕರೆ 10 ಗುಂಟೆ ನೆಲ ಇನ್ನೊಬ್ಬರದು. ಅವರು ಬೆಂಗಳೂರಿನಲ್ಲಿದ್ದರು, ವರ್ಷಕ್ಕೊಮ್ಮೆ ಸುಗ್ಗಿಯ ಹೊತ್ತಿಗೆ ಬಂದು ವಾರ ಅಳೆಸಿಕೊಂಡು ಹೋಗುತ್ತಿದ್ದರು.

ಊರ ಲೆಕ್ಕ ಬರೆಯುವ ಕೆಲಸ ನಮ್ಮ ಸೀಮೆಯಲ್ಲಿ ಬಹಳ ಹಳೆಯದು. ಕಾಗದ ಬರುವ ಮೊದಲು ಶಾನುಭೋಗರು ಬರೆಯುತ್ತಿದ್ದದ್ದು ಬಟ್ಟೆಯ ಮೇಲೆ. ಹುಣಿಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು ಗಟ್ಟಿಮಾಡಿದ ಕಪ್ಪು ಬಟ್ಟೆ, ಮಡಿಕೆ ಮಡಿಕೆಯಾಗಿ ಮಡಚಿದ್ದು. ಅದರ ಮೇಲೆ ಬಳಪದ ಬರಹ. ಅದಕ್ಕೆ ಕಡತ ಎಂದು ಹೆಸರು. ಇವತ್ತು ಸರ್ಕಾರಿ ಕಚೇರಿಯಲ್ಲಿ ಫೈಲಿಗೆ ಕಡತ ಎನ್ನುತ್ತಾರಲ್ಲ, ಆ ಮಾತು ಅಲ್ಲಿಂದ ಉಳಿದದ್ದು. ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಲು ಶುರುಮಾಡಿದ ತನ್ನ ಮೈಸೂರು ಇತಿಹಾಸದಲ್ಲಿ ಈ ಕಡತವನ್ನು ವರ್ಣಿಸಿದ್ದಾನೆ. ಬಳಪದ ಬರಹವಾದ್ದರಿಂದ ಒರೆಸಿ ಮತ್ತೆ ಬರೆಯಬಹುದಿತ್ತು. ಒರೆಸುವವರು ಯಾರು, ಬರೆಯುವವರು ಯಾರು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಆಮೇಲೆ ಸರ್ವೆ ಬಂತು, 33 ಅಡಿಯ ಸರಪಳಿ ಬಂತು, ಒಂದು ಸರಪಳಿ ಉದ್ದ ಒಂದು ಸರಪಳಿ ಅಗಲದ ನೆಲಕ್ಕೆ ಒಂದು ಗುಂಟೆ ಎಂದಾಯಿತು, 40 ಗುಂಟೆಗೆ ಎಕರೆ ಎಂದಾಯಿತು. ಬಟ್ಟೆ ಹೋಗಿ ಕಾಗದ ಬಂತು. ಬರೆಯುವ ಕೈ ಅದೇ ಮನೆತನದ್ದು. ಪಟೇಲಿಕೆ, ಶಾನುಭೋಗಿಕೆ, ತೋಟಿ, ತಳವಾರಿಕೆ, ನೀರಗಂಟಿತನ, ಎಲ್ಲವೂ ತಂದೆಯಿಂದ ಮಗನಿಗೆ.

ಅದನ್ನು ಮುರಿದದ್ದು 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ. 1963ರ ಫೆಬ್ರವರಿ 1ರಿಂದ ಅದು ಜಾರಿಗೆ ಬಂತು. ಶಾನುಭೋಗರ ಜಾಗಕ್ಕೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು, ವರ್ಗವಾಗುವವರು, ನಿವೃತ್ತರಾಗುವವರು. ಆದರೆ ಎಷ್ಟೋ ಕಡೆ ಹಳೆಯ ಶಾನುಭೋಗರೋ ಅವರ ಮಕ್ಕಳೋ ಆ ನೌಕರಿಗೆ ಸೇರಿದ್ದರಿಂದ ಜನರಿಗೆ ವ್ಯತ್ಯಾಸ ಗೊತ್ತಾಗಲಿಲ್ಲ. ನಾನು ಹುಟ್ಟಿದ್ದು ಕಾಯಿದೆ ಬಂದ ಮೇಲೆ. ಆದರೂ ನಾನು ಕೇಳಿ ಬೆಳೆದ ಹೆಸರು 'ಶಾನುಭೋಗ್ರು' ಎಂದೇ.

ಗ್ರಾಮ ಲೆಕ್ಕಿಗರ ಕೈಯಲ್ಲಿದ್ದ ಮುಖ್ಯ ದಾಖಲೆ ಪಹಣಿ. ಅದನ್ನು ನೋಡದವರಿಗಾಗಿ ಎರಡು ಮಾತು. ಪಹಣಿಯ ಮೂರನೇ ಕಾಲಂನಲ್ಲಿ ಆ ಸರ್ವೆ ನಂಬರಿನ ವಿಸ್ತೀರ್ಣ, ಒಂಬತ್ತನೆಯದರಲ್ಲಿ ಯಾರ ಹೆಸರಿಗೆ ಎಷ್ಟು, ಹನ್ನೊಂದರಲ್ಲಿ ಸಾಲ ಸೋಲ. ಹನ್ನೆರಡನೆಯದು ಸಾಗುವಳಿಯದು: ಈ ವರ್ಷ ಈ ನೆಲವನ್ನು ಉತ್ತವನು ಯಾರು, ಏನು ಬೆಳೆದ. ಒಂಬತ್ತನೆಯದು ಬದಲಾಗಬೇಕಾದರೆ ಕ್ರಯಪತ್ರವೋ ಪೌತಿಯೋ ವಿಭಾಗಪತ್ರವೋ ಬೇಕು. ಹನ್ನೆರಡನೆಯದನ್ನು ಲೆಕ್ಕಿಗರು ಹೊಲಕ್ಕೆ ಬಂದು, ನೋಡಿ, ವರ್ಷವರ್ಷವೂ ಬರೆಯಬೇಕು. ಹೊಲಕ್ಕೆ ಬರಬೇಕು ಎಂಬುದು ನಿಯಮ. ಜಗಲಿಯ ಮೇಲೆ ಕೂತೇ ಬರೆದರೂ ಕೇಳುವವರು ಇರಲಿಲ್ಲ.

ಆ ಕಾಲಂಗೆ ಬೆಲೆ ಬಂದದ್ದು ದೇವರಾಜ ಅರಸರ ಕಾಲದ ಭೂಸುಧಾರಣೆಯಲ್ಲಿ. ತಿದ್ದುಪಡಿಯಾದ ಕಾಯಿದೆ 1974ರ ಮಾರ್ಚ್ 1ರಿಂದ ಜಾರಿಯಾಯಿತು. ಆ ದಿನಕ್ಕೆ ಯಾರು ಗೇಣಿಗೆ ಉಳುತ್ತಿದ್ದರೋ ಅವರು ನಮೂನೆ 7ರಲ್ಲಿ ಅರ್ಜಿ ಹಾಕಿದರೆ ಭೂ ನ್ಯಾಯಮಂಡಳಿ ವಿಚಾರಿಸಿ ಹಕ್ಕು ಕೊಡಬೇಕು. ಊರಲ್ಲಿ ಅದನ್ನು 'ಡಿಕ್ಲರೇಷನ್ ಹಾಕೋದು' ಎನ್ನುತ್ತಿದ್ದರು. ಗೇಣಿಗೆ ಪತ್ರ ಬರೆದುಕೊಟ್ಟವರು ಯಾರಿದ್ದರು? ಮಂಡಳಿಯ ಮುಂದೆ ನಿಲ್ಲುವ ಸಾಕ್ಷಿ ಎಂದರೆ ಪಹಣಿಯ ಹನ್ನೆರಡನೇ ಕಾಲಂ. ಅದುವರೆಗೆ ಮೂಲೆಯಲ್ಲಿ ಬಿದ್ದಿದ್ದ ಒಂದು ಗೆರೆಯ ಬರಹ ರಾತ್ರೋರಾತ್ರಿ ಎಕರೆಗಳನ್ನು ಅತ್ತಿಂದಿತ್ತ ಮಾಡುವಂಥದ್ದಾಯಿತು.

1978ರ ಸಂಕ್ರಾಂತಿಯ ಆಸುಪಾಸು. ನನಗೆ ಒಂಬತ್ತು ವರ್ಷ. ಅಪ್ಪ ಒಂದು ಚೀಲ ಸೊಗಡಿನ ಅವರೆಕಾಯಿ ಸೈಕಲ್ಲಿನ ಹಿಂದೆ ಕಟ್ಟಿ, ನನ್ನನ್ನು ಮುಂದೆ ಕೂರಿಸಿಕೊಂಡು ಶಾನುಭೋಗರ ಮನೆಗೆ ಹೋದದ್ದು ನೆನಪಿದೆ. ಅವರು ಇನ್ನೂ ಮೂವತ್ತರ ಆಚೀಚಿನವರು, ಅಪ್ಪನಿಗಿಂತ ಚಿಕ್ಕವರು. ಆದರೂ ಅಪ್ಪ 'ಸ್ವಾಮಿ' ಎನ್ನುತ್ತಿದ್ದರು, ಅವರು 'ಏನಪ್ಪ' ಎನ್ನುತ್ತಿದ್ದರು. ಜಗಲಿಯ ಕೆಳಗೆ ನಾವು ನಿಂತೆವು.

"ತಾತನ ಹೆಸರು ಬರ್ದಿದ್ದೀರಾ ಸ್ವಾಮಿ?"

"ಬರೀಬೇಕು ಕಣಪ್ಪ. ಪೆನ್ನಿಗೆ ಇಂಕೇ ಇಲ್ಲ."

ಒಳಗೆ ಓಡಿ ಹೋಗಿ ನನ್ನ ಸ್ಕೂಲಿನ ಇಂಕಿನ ಬಾಟಲಿ ತಂದುಕೊಡಲೇ ಎಂದು ನಾನು ಅಪ್ಪನನ್ನು ಕೇಳಿದೆನಂತೆ. ಈ ಕಥೆಯನ್ನು ನಮ್ಮ ಮನೆಯಲ್ಲಿ ಬಹಳ ದಿನ ಹೇಳಿಕೊಂಡು ನಕ್ಕರು. ಅಪ್ಪ ಒಳಜೇಬಿನಿಂದ ತೆಗೆದುಕೊಟ್ಟದ್ದು ಎಷ್ಟೆಂದು ನನಗೆ ಗೊತ್ತಿಲ್ಲ. ಹೆಸರಂತೂ ಇತ್ತು. ಮಂಡಳಿಯಲ್ಲಿ ತಾತನ ಪರವಾಗಿ ಆಯಿತು, 2 ಎಕರೆ 10 ಗುಂಟೆ ನಮ್ಮದಾಯಿತು. ಮುಂದಿನ ಪಹಣಿಯ ಹನ್ನೆರಡನೇ ಕಾಲಂನಲ್ಲಿ 'ಸ್ವಂತ' ಎಂದು ಬರೆದಿತ್ತು. ಓದು ಬಾರದ ತಾತ ಆ ಒಂದು ಪದ ಎಲ್ಲಿದೆ ಎಂದು ನನ್ನಿಂದ ತೋರಿಸಿಕೊಂಡು, ಬೆರಳಿಟ್ಟು ನೋಡುತ್ತಿದ್ದರು.

ಪಕ್ಕದ ಹೊಲದ ದೊಡ್ಡವ್ವನಿಗೆ ಹಾಗಾಗಲಿಲ್ಲ. ಆಕೆಯ ಗಂಡ ಉಳುತ್ತಿದ್ದದ್ದು ಇನ್ನೊಬ್ಬ ಭೂಮಾಲೀಕರ ಒಂದೂಕಾಲು ಎಕರೆ. ಅವನು ಸತ್ತ ಮೇಲೆ ಆಕೆಯೇ ಕೂಲಿ ಇಟ್ಟು ಉಳಿಸಿದಳು, ತಾನೇ ಕಳೆ ಕಿತ್ತಳು. ಗಂಡನ ಹೆಸರು ಹನ್ನೆರಡನೇ ಕಾಲಂನಿಂದ ಹೋಯಿತು, ಹೆಂಡತಿಯದು ಬರಲಿಲ್ಲ. ಆ ಜಾಗದಲ್ಲಿ ಮಾಲೀಕರ ಹೆಸರಿಗೆ 'ಸ್ವಂತ' ಎಂದು ಕೂತಿತು. ಹೆಂಗಸು ಉಳುತ್ತಾಳೆ ಎಂದು ಬರೆಯುವುದು ಶಾನುಭೋಗರಿಗೆ ಹೊಳೆಯಲೇ ಇಲ್ಲವೋ, ಹೊಳೆಯದಂತೆ ಯಾರಾದರೂ ನೋಡಿಕೊಂಡರೋ. ಆಕೆಯ ಅರ್ಜಿ ವಜಾ ಆಯಿತು. ಆಮೇಲೆ ನಮ್ಮ ಹೊಲಕ್ಕೇ ಕೂಲಿಗೆ ಬರುತ್ತಿದ್ದಳು. ಅವ್ವ ಅವಳಿಗೆ ಮುದ್ದೆ ಬಡಿಸುವಾಗ ಮಾತಾಡುತ್ತಿರಲಿಲ್ಲ.

ಇಂಥ ಒಂಬತ್ತು ಸಾವಿರದಷ್ಟು ಲೆಕ್ಕಿಗರು, ಒಬ್ಬೊಬ್ಬರ ಕೈಕೆಳಗೆ ಮೂರು ನಾಲ್ಕು ಊರು, ಇಡೀ ರಾಜ್ಯದ ಸುಮಾರು 2 ಕೋಟಿ ಪಹಣಿಗಳು. ಆ ಪುಸ್ತಕಗಳು ಇರುತ್ತಿದ್ದದ್ದು ಅವರ ಬಳಿ. ತಹಶೀಲ್ದಾರರೂ ಬೇಕೆಂದಾಗ ನೋಡಲಾರರು. ಲೆಕ್ಕಿಗರು ಊರಲ್ಲಿಲ್ಲ ಎಂದರೆ ಪಹಣಿಯೂ ಊರಲ್ಲಿಲ್ಲ. ಇಲಾಖೆಯ ಏಣಿಯಲ್ಲಿ ಅವರದು ಕೆಳಗಿನ ಮೆಟ್ಟಿಲು. ರೈತನ ಮುಂದೆ ಅವರೇ ಸರ್ಕಾರ.

ಇದಕ್ಕೆ ಕೈ ಹಾಕಿದ್ದು 'ಭೂಮಿ' ಯೋಜನೆ. ಎಸ್.ಎಂ. ಕೃಷ್ಣ ಅವರು ಮುಖ್ಯಮಂತ್ರಿಯಾಗಿದ್ದ ಕಾಲ. ಕಂದಾಯ ಇಲಾಖೆಯಲ್ಲಿ ಇದರ ಹೊಣೆ ಹೊತ್ತವರು ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ. ತಂತ್ರಾಂಶ ಮಾಡಿಕೊಟ್ಟದ್ದು ಕೇಂದ್ರ ಸರ್ಕಾರದ ಎನ್.ಐ.ಸಿ. ಕೈಬರಹದ ಪಹಣಿಗಳನ್ನು ಕಂಪ್ಯೂಟರಿಗೆ ತುಂಬಿಸಿ, ಪ್ರತಿಯನ್ನು ಲೆಕ್ಕಿಗರಿಗೇ ಕೊಟ್ಟು ತಾಳೆ ನೋಡಿಸಿ, ತಾಲ್ಲೂಕು ಕಚೇರಿಯಲ್ಲಿ ಕಿಯಾಸ್ಕ್ ತೆರೆದರು. 2002ರ ಹೊತ್ತಿಗೆ 170ಕ್ಕೂ ಹೆಚ್ಚು ತಾಲ್ಲೂಕುಗಳಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುವಂತಾಯಿತು.

ಕಂಪ್ಯೂಟರ್ ಕೊಂಡು ತಂದು ಬಟ್ಟೆ ಹೊದಿಸಿ ಇಟ್ಟ ಕಚೇರಿಗಳನ್ನು ನಾವೆಲ್ಲ ನೋಡಿದ್ದೇವೆ, ಶಾಲೆಗಳಲ್ಲೂ ನೋಡಿದ್ದೇವೆ. ಇದು ಹಾಗಾಗದೆ ಉಳಿದದ್ದು ಒಂದು ಕಟ್ಟುನಿಟ್ಟಿನಿಂದ. ಕಿಯಾಸ್ಕ್ ಶುರುವಾದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಬೆಲೆಯಿಲ್ಲ ಎಂದು ಸರ್ಕಾರ ಸಾರಿತು. ಎರಡೂ ಇರಲಿ ಎಂದು ಬಿಟ್ಟಿದ್ದರೆ ಹಳೆಯ ಪುಸ್ತಕವೇ ಗೆಲ್ಲುತ್ತಿತ್ತು.

ಕಚೇರಿಯೊಳಗಿನ ಮೇಲುಕೀಳು ಆಗ ಹೇಗೆ ತಲೆಕೆಳಗಾಯಿತು ಎಂಬುದನ್ನು ಯಾರೂ ಸರಿಯಾಗಿ ಬರೆದಂತೆ ಕಾಣೆ. ಕಂಪ್ಯೂಟರಿನ ಮುಂದೆ ಕೂರಿಸಿದ್ದು ಹೊಸದಾಗಿ ನೇಮಕವಾದ ಎಳೆಯ ಲೆಕ್ಕಿಗರನ್ನು. ಯಂತ್ರ ತೆರೆಯುವುದಕ್ಕೆ ಬೆರಳಿನ ಗುರುತು ಬೇಕು. ಯಾರು ಯಾವಾಗ ಏನು ಮಾಡಿದರೆಂಬುದು ಅವರ ಬೆರಳಿನ ಲೆಕ್ಕಕ್ಕೇ ಸೇರುತ್ತದೆ. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಹೋಗಬೇಕು. ನಡುವಿನ ಒಂದನ್ನು ಎತ್ತಿಕೊಳ್ಳಲು ತಂತ್ರಾಂಶ ಬಿಡದು. ರೈತನ ಕಡೆಗೂ ಒಂದು ಪರದೆ ತಿರುಗಿಸಿ ಇಟ್ಟಿದ್ದರು. ಇಪ್ಪತ್ತೈದು ವರ್ಷ ನೌಕರಿ ಮಾಡಿದ ಹಿರಿಯ ಲೆಕ್ಕಿಗರು, ತಮ್ಮದೇ ಊರಿನ ಒಂದು ಸರ್ವೆ ನಂಬರ್ ನೋಡಬೇಕಾದರೆ, ಮಗನ ವಯಸ್ಸಿನವನ ಬೆನ್ನಹಿಂದೆ ನಿಂತು "ಸ್ವಲ್ಪ ತೆಗಿಯಪ್ಪ" ಎನ್ನಬೇಕಾಯಿತು. ಯಾರಿಗೆ ಹೆದರಬೇಕು ಎಂಬುದೇ ಕೆಲವು ದಿನ ಆ ಕಚೇರಿಗಳಲ್ಲಿ ಗೊಂದಲವಾಗಿತ್ತು ಎಂದು, ಆಗ ಅಲ್ಲಿ ಗುಮಾಸ್ತೆಯಾಗಿದ್ದ ನನ್ನ ಗೆಳತಿಯೊಬ್ಬಳು ಹೇಳುತ್ತಿದ್ದಳು.

ಬ್ಯಾಂಕುಗಳಲ್ಲಿ ಹೀಗಾಗಿರಲಿಲ್ಲ. ಅಲ್ಲಿ ನೌಕರರ ಸಂಘಗಳು ಗಟ್ಟಿ. 1983ರಲ್ಲಿ ಆಡಳಿತವೂ ಸಂಘಗಳೂ ಕೂತು ಒಪ್ಪಂದ ಮಾಡಿಕೊಂಡ ಮೇಲೆಯೇ ಯಂತ್ರ ಒಳಗೆ ಬಂತು, ಅದೂ ಇಷ್ಟೇ ಎಂದು ಮಿತಿ ಹಾಕಿಸಿಕೊಂಡು, 'ಲೆಡ್ಜರ್ ಪೋಸ್ಟಿಂಗ್ ಮೆಷಿನ್' ಎಂಬ ಸಾಧು ಹೆಸರಿನಲ್ಲಿ. ಗ್ರಾಮ ಲೆಕ್ಕಿಗರ ಪರವಾಗಿ ಆಗ ಅಯ್ಯೋ ಎನ್ನುವವರು ಊರಲ್ಲಿ ಒಬ್ಬರೂ ಇರಲಿಲ್ಲ. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರಿನವರು 2002ರಲ್ಲಿ ವಿಚಾರಿಸಿದಾಗ, ಹಳೆಯ ಪದ್ಧತಿಯಲ್ಲಿ ಮೂವರಲ್ಲಿ ಇಬ್ಬರು ಲಂಚ ಕೊಟ್ಟಿದ್ದೇವೆ ಎಂದಿದ್ದರು. ಕಿಯಾಸ್ಕಿನಲ್ಲಿ ಕೊಟ್ಟೆವೆಂದವರು ನೂರಕ್ಕೆ ಮೂವರು. ಇಂಕಿನ ಬಾಟಲಿಯ ಹುಡುಗಿಯಾದ ನನಗೆ ಆ ಅಂಕಿ ಓದಿ ಸಂತೋಷವಾದದ್ದು ನಿಜ.

ಅಪ್ಪ ಮೊದಲ ಸಲ ಕಿಯಾಸ್ಕಿಗೆ ಹೋದಾಗ ನಾನೂ ಜೊತೆಗಿದ್ದೆ. ಸಾಲು ಉದ್ದವಿತ್ತು, ಆದರೆ ಸಾಲು ಎಂಬುದೇ ಹೊಸದು. ಜಗಲಿ ಇಲ್ಲ, ಸ್ವಾಮಿ ಇಲ್ಲ. ಆ ಹುಡುಗ ಸರ್ವೆ ನಂಬರ್ ಕೇಳಿದ, 15 ರೂಪಾಯಿ ಇಸಕೊಂಡ, ಹಾಳೆ ಕೊಟ್ಟ. ಅಪ್ಪ ಗೆದ್ದವರಂತೆ ಅದನ್ನು ನನ್ನ ಕೈಗಿಟ್ಟರು. ಹೊರಗೆ ಬಂದು ಹುಣಿಸೆ ಮರದ ಕೆಳಗೆ ಓದಿದೆ. ಮೂರನೇ ಕಾಲಂನಲ್ಲಿ 2 ಎಕರೆ 10 ಗುಂಟೆ. ಒಂಬತ್ತನೆಯದರಲ್ಲಿ, ಅಪ್ಪನ ಹೆಸರಿನ ಮುಂದೆ, 2 ಎಕರೆ 1 ಗುಂಟೆ.

ನಕಲು ಮಾಡುವಾಗ ಯಾರದೋ ಬೆರಳು ಒಂದು ಸೊನ್ನೆಯನ್ನು ಬಿಟ್ಟಿತ್ತು. ಗುಂಟೆಗೆ 1089 ಚದರಡಿಯಂತೆ ಒಂಬತ್ತು ಗುಂಟೆ ಎಂದರೆ 9801 ಚದರಡಿ. ಮೂವತ್ತು ನಲವತ್ತರ ಸೈಟು ಎಂಟು.

ನಮ್ಮ ಹಳೆಯ ಶಾನುಭೋಗರು ಊರೂರು ಸುತ್ತಿ, ನಿವೃತ್ತಿಗೆ ಒಂದು ವರ್ಷವಿರುವಾಗ, ಮತ್ತೆ ನಮ್ಮ ಸರ್ಕಲ್ಲಿಗೇ ಬಂದಿದ್ದರು. ಅಪ್ಪ ಅವರ ಮನೆಗೇ ಹೋದರು. ಈ ಸಲ ಅವರು ಕುರ್ಚಿ ಹಾಕಿಸಿದರು. ಹಾಳೆ ನೋಡಿದರು. ಒಳಗೆ ಹೋಗಿ ತಾವೇ ಬರೆದ ಹಳೆಯ ಪುಸ್ತಕದ ಪ್ರತಿ ತಂದು ತೋರಿಸಿದರು. ದುಂಡನೆಯ ಅಕ್ಷರದಲ್ಲಿ, 2-10.

"ನೋಡಿ ಯಜಮಾನ್ರೇ, ನಾನು ಸರಿಯಾಗೇ ಬರ್ದಿದ್ದೀನಿ. ತಾಳೆ ನೋಡಿ ಅಂತ ಕೊಟ್ಟಾಗ ಸಾವಿರಾರು ಹಾಳೆ, ಕಣ್ಣಿಗೆ ಬೀಳಲಿಲ್ಲ. ಈಗ ನನ್ನ ಕೈಯಲ್ಲಿ ಏನೂ ಇಲ್ಲ."

ಹೀಗೆಂದು ಎರಡೂ ಅಂಗೈ ಬಿಚ್ಚಿ ತೋರಿಸಿದರು. ಅವರು ಅಪ್ಪನನ್ನು ಯಜಮಾನ್ರೇ ಎಂದದ್ದು ಅದೇ ಮೊದಲು. ಮೊದಲಾಗಿದ್ದರೆ ಒಂದು ಚೀಲ ಅವರೆಕಾಯಿಗೆ, ಒಂದು ಸೊನ್ನೆ, ಅರ್ಧ ನಿಮಿಷದ ಕೆಲಸ. ಈಗ ಅರ್ಜಿ, ಮೂಲ ದಾಖಲೆಯ ನಕಲು, ಲೆಕ್ಕಿಗರ ವರದಿ, ಕಂದಾಯ ನಿರೀಕ್ಷಕರ ವರದಿ, ಮೇಲಿನವರ ಆದೇಶ. ಲಂಚ ಹೋಯಿತೆಂದು ಹಿಗ್ಗಿದ್ದ ಅಪ್ಪ ದಾರಿಯಲ್ಲಿ ಬರುತ್ತಾ, "ಕೊಡೋಣ ಅಂದ್ರೂ ಇಸ್ಕೊಳ್ಳೋರಿಲ್ಲವಲ್ಲಮ್ಮ" ಎಂದರು. ನನಗೆ ನಗು ಬರಲಿಲ್ಲ.

ಬೀಗದ ಕೈ ಊರಿನಿಂದ ತಾಲ್ಲೂಕಿಗೆ ಹೋದರೆ ಅಲ್ಲಿಗೆ ಹೋಗಿ ಬರಬಲ್ಲವರು ಯಾರು ಎಂಬ ಪ್ರಶ್ನೆ ಎತ್ತಿದವರೂ ಇದ್ದಾರೆ. ಸಾಲೊಮನ್ ಬೆಂಜಮಿನ್ ಮತ್ತು ಅವರ ಸಂಗಡಿಗರು 2007ರಲ್ಲಿ ಬರೆದ ಒಂದು ಪ್ರಬಂಧದಲ್ಲಿ, ಈ ಕೇಂದ್ರೀಕರಣದಿಂದ ಬೆಂಗಳೂರಿನ ಸುತ್ತಲಿನ ದೊಡ್ಡ ಭೂವ್ಯವಹಾರದವರಿಗೆ ಅನುಕೂಲವಾಯಿತೆಂದು ವಾದಿಸಿದರು. ಅವರ ಮಾತು ಪೂರ್ತಿ ಸರಿಯೇ ಎಂದು ನಾನು ಹೇಳಲಾರೆ. ಚೀಲ ಹೊತ್ತು ಜಗಲಿಯ ಕೆಳಗೆ ನಿಂತ ನೆನಪು ಬಿಡುವುದಿಲ್ಲ. ಆದರೆ ಕಾಲ ಅಂಥದಾಗಿತ್ತು. 2004ರಲ್ಲಿ ನಮ್ಮ ಉತ್ತರ ಭಾಗದ ಹದಿನಾರು ಹಳ್ಳಿಗಳ 2,750 ಎಕರೆಯನ್ನು ಅರ್ಕಾವತಿ ಬಡಾವಣೆಗೆಂದು ಬಿ.ಡಿ.ಎ. ಅಂತಿಮ ಅಧಿಸೂಚನೆ ಹೊರಡಿಸಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯಿತು. ಹೆಬ್ಬಾಳದಿಂದ ಆಚೆಗೆ ರಾಗಿ ಹೊಲದ ಗುಂಟೆಯನ್ನೂ ಚದರಡಿಯಲ್ಲಿ ಕೇಳುವವರು ಬಂದರು. ಊರಿನವರಿಗೆ ತಮ್ಮ ಸರ್ವೆ ನಂಬರ್ ನೆನಪಿಲ್ಲದಿದ್ದರೂ ಕಾರಿನಲ್ಲಿ ಬಂದವರ ಕೈಯಲ್ಲಿ ಪಹಣಿ ಇರುತ್ತಿತ್ತು. ಆಗ 15 ರೂಪಾಯಿಗೆ ಯಾರ ಪಹಣಿಯನ್ನಾದರೂ ಯಾರು ಬೇಕಾದರೂ ಪಡೆಯಬಹುದಾಗಿತ್ತಲ್ಲ.

ಅಪ್ಪ 2006ರಲ್ಲಿ ತೀರಿಕೊಂಡರು, ಸೊನ್ನೆ ಇಲ್ಲದೆಯೇ. ಅದು ಮತ್ತೆ ಬಂದದ್ದು 2014ರಲ್ಲಿ, ಒಂದು ಕಂದಾಯ ಅದಾಲತ್ತಿನಲ್ಲಿ. ಶಾಮಿಯಾನ ಹಾಕಿ, ಮೂರು ಮತ್ತು ಒಂಬತ್ತನೇ ಕಾಲಂ ತಾಳೆಯಾಗದವರು ಬನ್ನಿ ಎಂದು ಕರೆದಿದ್ದರು. ಅಷ್ಟು ಜನ! ನಮ್ಮೊಬ್ಬರದೇ ದೌರ್ಭಾಗ್ಯ ಎಂದುಕೊಂಡಿದ್ದೆ. ಆ ಹೊತ್ತಿಗೇ ಪೌತಿ ಖಾತೆಯೂ ಆಯಿತು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ಮಾಡಿದೆ, ದೇಶ 2005ರಲ್ಲಿ. ಆದರೂ ಮೇಜಿನ ಆಚೆ ಕೂತಿದ್ದವರು, "ಅಮ್ಮಾ, ನೀವು ಹಕ್ಕು ಬಿಟ್ಟುಕೊಡ್ತೀರಿ ತಾನೆ?" ಎಂದು ಸಹಜವಾಗಿ ಕೇಳಿದರು. ನಾನು ತಮ್ಮನ ಮುಖ ನೋಡಿದೆ. "ಇಲ್ಲ ಸಾರ್, ಅಕ್ಕನ ಹೆಸರೂ ಬರಲಿ" ಎಂದ. ಅವನು ಹಾಗೆನ್ನದಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಇಲ್ಲವೋ. ಒಂಬತ್ತನೇ ಕಾಲಂನಲ್ಲಿ ಜಂಟಿಯಾಗಿ ನಮ್ಮಿಬ್ಬರ ಹೆಸರು ಬಂತು.

ಇನ್ನು ಆ ಪದವಿಯ ಕಥೆ. ಗ್ರಾಮ ಲೆಕ್ಕಿಗರಿಗೆ ಈಗ ಗ್ರಾಮ ಆಡಳಿತಾಧಿಕಾರಿ ಎಂದು ಹೆಸರು. ಹೆಸರು ದೊಡ್ಡದಾದಷ್ಟೂ ಮನುಷ್ಯರು ಚಿಕ್ಕವರಾದರು. 2024ರ ಸೆಪ್ಟೆಂಬರಿನಲ್ಲಿ ಅವರು ರಾಜ್ಯದಾದ್ಯಂತ ಮುಷ್ಕರ ಹೂಡಿದರು; 2025ರ ಫೆಬ್ರವರಿಯಲ್ಲಿ ಮತ್ತೊಮ್ಮೆ. ಕೂರಲು ಸರಿಯಾದ ಕಚೇರಿಯಿಲ್ಲ, ಕೆಲಸಕ್ಕೆ ತಕ್ಕ ಸಲಕರಣೆಯಿಲ್ಲ, ಮೊಬೈಲಿನಲ್ಲಿ ಮಾತ್ರ ಹದಿನೈದಕ್ಕೂ ಹೆಚ್ಚು ಆ್ಯಪ್‌ಗಳು, ಒಂದೊಂದಕ್ಕೂ ದಿನದ ಗುರಿ ಎಂಬುದು ಅವರ ದೂರು. ಅದನ್ನು ಪತ್ರಿಕೆಯಲ್ಲಿ ಓದಿದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಯಾರೂ ಆಡಿಕೊಳ್ಳಲಿಲ್ಲ. ಹಾಜರಿ, ಬಿಸಿಯೂಟದ ತಲೆಲೆಕ್ಕ, ಅಂಕ, ಎಲ್ಲವನ್ನೂ ಬೆರಳಲ್ಲಿ ಒತ್ತಿ ಮೇಲಕ್ಕೆ ಕಳಿಸುವವರು ನಾವೂ ಹೌದಲ್ಲ. ಮೊದಲು ಲೆಕ್ಕಿಗರು ಎಲ್ಲಿದ್ದಾರೆಂದು ಊರು ಹುಡುಕುತ್ತಿತ್ತು. ಈಗ ಅವರು ಯಾವ ಹೊಲದ ಬದುವಿನಲ್ಲಿ ನಿಂತಿದ್ದಾರೆಂಬುದನ್ನು ಅವರ ಫೋನೇ ಮೇಲಿನವರಿಗೆ ಹೇಳುತ್ತದೆ.

ಆ ಎರಡು ಮುಷ್ಕರಗಳ ನಡುವೆ, 2024ರ ಡಿಸೆಂಬರಿನ ಒಂದು ಭಾನುವಾರ, ನಾನು ಊರಿಗೆ ಹೋಗಿದ್ದೆ. ರಾಗಿ ಕೊಯ್ದಾಗಿತ್ತು, ಅಕ್ಕಡಿ ಸಾಲಿನ ಅವರೆ ಹೂವು ಕಾಯಿ ಎರಡೂ ಹೊತ್ತು ನಿಂತಿತ್ತು. ಪಹಣಿಗೆ ಆಧಾರ್ ಜೋಡಿಸಲು ಗ್ರಾಮ ಆಡಳಿತಾಧಿಕಾರಿ ಹೊಲಕ್ಕೇ ಬಂದರು. ಇಪ್ಪತ್ತಾರು ಇಪ್ಪತ್ತೇಳರ ಹುಡುಗಿ, ಸ್ಕೂಟರಿನಲ್ಲಿ, ತಲೆಗೆ ದುಪಟ್ಟಾ ಸುತ್ತಿ. ಭಾನುವಾರವೂ ಕೆಲಸವೇನಮ್ಮ ಎಂದೆ. "ಪೆಂಡಿಂಗ್ ಇದೆ ಮೇಡಂ, ಸಂಜೆ ವಿಡಿಯೋ ಕಾನ್ಫರೆನ್ಸಲ್ಲಿ ಕೇಳ್ತಾರೆ" ಎಂದಳು. ನೀರು ಕೇಳಿ ಕುಡಿದಳು. ನನ್ನ ಫೋನಿಗೆ ಓಟಿಪಿ ಬರಬೇಕಿತ್ತು. ಸಿಗ್ನಲ್ ಇಲ್ಲ. ಇಬ್ಬರೂ ಬೇವಿನ ಮರದ ಕೆಳಗೆ ಫೋನುಗಳನ್ನು ಎತ್ತಿ ಹಿಡಿದು ನಿಂತೆವು. ಒಂದು ಮಡಿಲು ಅವರೆಕಾಯಿ ಕಿತ್ತು ಕೊಡಹೋದೆ. "ಬೇಡ ಮೇಡಂ, ಯಾರಾದ್ರೂ ಫೋಟೋ ತೆಗೆದ್ರೆ ಕಷ್ಟ" ಎಂದು ನಕ್ಕಳು.

ಹೊಲದ ಆ ತುದಿಯಲ್ಲಿ ಗಂಡಹೆಂಡತಿ ಅವರೆ ಬಿಡಿಸುತ್ತಿದ್ದರು. ಪಾವಗಡದ ಕಡೆಯವರು, ಆರು ವರ್ಷದಿಂದ ನಮ್ಮ ಹೊಲ ನೋಡಿಕೊಳ್ಳುವವರು. ಬಿತ್ತನೆ ಅವರದು, ಗೊಬ್ಬರ ಅವರದು, ಅರ್ಧ ನಮಗೆ ಅರ್ಧ ಅವರಿಗೆ. ತಮ್ಮ ಪೀಣ್ಯದಲ್ಲಿ, ನಾನು ಶಾಲೆಯಲ್ಲಿ. ನಮ್ಮಿಬ್ಬರ ಕೈಗೂ ಮಣ್ಣು ಹತ್ತಿ ಎಷ್ಟು ವರ್ಷವಾಯಿತೋ. ಹೀಗೆ ವಾರಕ್ಕೆ ಕೊಡುವುದನ್ನು 1974ರ ಆ ಕಾನೂನೇ ನಿಷೇಧಿಸಿದೆ ಎಂಬುದು ನನಗೆ ಚೆನ್ನಾಗಿ ಗೊತ್ತು.

ಓಟಿಪಿ ಬಂತು. ಆ ಹುಡುಗಿ ಒತ್ತಿದಳು, ನನ್ನ ಫೋಟೋ ತೆಗೆದಳು. ನಂತರ ಫೋನಿನಲ್ಲಿ ಪಹಣಿಯನ್ನು ಮೇಲೆ ಕೆಳಗೆ ಸರಿಸುತ್ತಾ, ಆ ತುದಿಯ ಕಡೆ ಒಂದು ಸಲ ನೋಡಿ ಕೇಳಿದಳು:

"ಸಾಗುವಳಿ ಸ್ವಂತನಾ ಮೇಡಂ?"

"ಸ್ವಂತ" ಎಂದೆ.